ಕಾರ್ಡ್ ಬದಲಿಸದೆ ಐ226 ಸರಿಮಾಡಿದ್ದು: ನನ್ನ ಅನುಭವ

ಮಿನಿ ಪಿಸಿಯಲ್ಲಿ ಐ226 (ಇಂಟೆಲ್‌ನ 2.5 ಗಿಗಾಬಿಟ್ ನೆಟ್‌ವರ್ಕ್ ಚಿಪ್) ಇದ್ದರೆ ಆಗಾಗ ಸಂಪರ್ಕ ಬೀಳುವುದೇ, ಅದರ ಹಣೆಬರಹವೇ ಅಷ್ಟು, ಯುಎಸ್‌ಬಿ ಅಡಾಪ್ಟರ್ ಹಾಕಿ ಸುಮ್ಮನಿರು ಅಂದವರೇ ಎಲ್ಲ. ಈಗ ಮದುವೆ ಸೀಸನ್ ಅರ್ಧ ಮುಗಿದಿದೆ, ಆ ಬಾಕ್ಸ್ ಒಂದು ಸಲವೂ ಬಿದ್ದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶಿವಮೊಗ್ಗದ ಒಂದು ಫೋಟೊ ಸ್ಟುಡಿಯೊಗೆ ಹಾಕಿಕೊಟ್ಟ ಫೈಲ್ ಸರ್ವರ್ ಅದು. ಡೆಬಿಯನ್ 12 ಲಿನಕ್ಸ್, ಫೈಲ್ ಹಂಚಲು ಸಾಂಬಾ, ಐ226ಕ್ಕೆ ಐಜಿಸಿ ಡ್ರೈವರ್. ಆಲ್ಬಂ ಡಿಸೈನ್ ಮಾಡುವ ಹುಡುಗರು ಸರ್ವರಿನಿಂದಲೇ ಫೈಲ್ ತೆಗೆದು ಕೆಲಸ ಮಾಡುತ್ತಾರೆ. ದಿನಕ್ಕೆ ಒಂದೆರಡು ಸಲ ಎಲ್ಲರದ್ದೂ ಒಟ್ಟಿಗೆ ನಿಂತುಬಿಡುತ್ತಿತ್ತು. ಡಿಮೆಸೇಜ್‌ನಲ್ಲಿ (ಕರ್ನಲ್ ಲಾಗ್) ಅದೇ ಸಾಲು: ‘ಪಿಸಿಐಇ ಲಿಂಕ್ ಲಾಸ್ಟ್, ಡಿವೈಸ್ ನೌ ಡಿಟ್ಯಾಚ್ಡ್’, ಅಂದರೆ ಕಾರ್ಡಿಗೂ ಬೋರ್ಡಿಗೂ ನಡುವಿನ ಪಿಸಿಐಇ ಸಂಪರ್ಕವೇ ಕಡಿದಿದೆ. ಪಿಸಿಐ ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಕೊಟ್ಟರೆ ಕಾರ್ಡಿನ ಪಕ್ಕದಲ್ಲಿ ‘ರೆವ್ ಎಫ್‌ಎಫ್’. ಡ್ರೈವರ್ ಯಾವ ರಿಜಿಸ್ಟರ್ ಓದಿದರೂ ಬಿಟ್‌ಗಳೆಲ್ಲ 1, ಅಂದರೆ ಆ ಕಡೆ ಉತ್ತರ ಕೊಡುವವರೇ ಇಲ್ಲ. ಪಿಸಿಐ ರಿಮೂವ್, ರೀಸ್ಕ್ಯಾನ್ ಮಾಡಿದರೆ ಕೆಲವು ಸಲ ಎದ್ದು ಬರುತ್ತಿತ್ತು, ಇಲ್ಲದಿದ್ದರೆ ರೀಬೂಟೇ ಗತಿ.

ದುಡ್ಡಿನ ಕಥೆ ಕೇಳಿ. ಹೊಸ ಕ್ಯಾಟ್6 ಕೇಬಲ್ ಎಳೆಸಿದ್ದಕ್ಕೆ ಸಾವಿರದ ಹತ್ತಿರ, 2.5 ಗಿಗಾಬಿಟ್ ಸ್ವಿಚ್‌ಗೆ ನಾಲ್ಕೂವರೆ ಸಾವಿರ, ಯುಎಸ್‌ಬಿ ಅಡಾಪ್ಟರಿಗೆ ಇನ್ನೊಂದು ಎರಡು ಸಾವಿರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಅಡಾಪ್ಟರ್ ಓಡಿತು, ಆದರೆ ದೊಡ್ಡ ಕಾಪಿ ಹಾಕಿದಾಗ ಕೈ ಸುಡುವಷ್ಟು ಬಿಸಿ. ಬೇರೆ ಕಾರ್ಡ್ ಹಾಕೋಣವೆಂದರೆ ಬಾಕ್ಸಿನಲ್ಲಿ ಸ್ಲಾಟೇ ಇಲ್ಲ. ಎಥ್‌ಟೂಲ್‌ನಲ್ಲಿ ಟಿಎಸ್‌ಒ (ಪ್ಯಾಕೆಟ್ ತುಂಡು ಮಾಡುವ ಕೆಲಸ ಕಾರ್ಡಿಗೇ ಬಿಡುವುದು) ಆಫ್ ಮಾಡಿದೆ, ಸಿಪಿಯು ಬಳಕೆ ಏರಿತೇ ಹೊರತು ಬೀಳುವುದು ನಿಲ್ಲಲಿಲ್ಲ. ಇಇಇ (ಕೇಬಲ್ ಕಡೆಯ ವಿದ್ಯುತ್ ಉಳಿತಾಯ) ಆಫ್ ಮಾಡಿದ್ದರಿಂದಲೂ ಏನೂ ಆಗಲಿಲ್ಲ.

ವಿಚಿತ್ರ ಎಂದರೆ ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ರಾತ್ರಿಯಿಡೀ 2.35 ಗಿಗಾಬಿಟ್‌ನಲ್ಲಿ ಓಡಿದರೂ ಕಾರ್ಡ್ ಅಲ್ಲಾಡಲಿಲ್ಲ. ಹುಡುಗರು ಫೋಟೊ ತೆಗೆದು, ಸ್ವಲ್ಪ ಹೊತ್ತು ತಿದ್ದಿ, ಸೇವ್ ಕೊಟ್ಟಾಗ ಮಾತ್ರ ಬೀಳುತ್ತಿತ್ತು. ನಡುವೆ ಖಾಲಿ ಕೂತಾಗ ಪಿಸಿಐಇ ಲಿಂಕ್ ಎಲ್1 ಎಂಬ ವಿದ್ಯುತ್ ಉಳಿಸುವ ಸ್ಥಿತಿಗೆ ಹೋಗಿ ಮಲಗುತ್ತಿದೆ, ಏಳುವಾಗ ಎಡವುತ್ತಿದೆ ಎಂದು ಅಲ್ಲೇ ಅನುಮಾನ ಬಂತು. ಹೀಗೆ ಬಿಟ್ಟು ಬಿಟ್ಟು ಟ್ರಾಫಿಕ್ ಕಳಿಸುವ ಸ್ಕ್ರಿಪ್ಟ್ ಬರೆದೆ. ಹೆಚ್ಚೆಂದರೆ ಅರ್ಧ ಗಂಟೆ, ಕಾರ್ಡ್ ಬೀಳುವುದು ಗ್ಯಾರಂಟಿ. ನಡುವೆ ಎಷ್ಟು ಬಿಡುವು ಕೊಡಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ.

ಎಎಸ್‌ಪಿಎಂ (ಲಿಂಕನ್ನು ಹೀಗೆ ಮಲಗಿಸುವ ಪಿಸಿಐಇ ವ್ಯವಸ್ಥೆ) ಅಂದ ಕೂಡಲೇ ಎಲ್ಲರೂ ನಕ್ಕರು. ‘ಪಿಸಿಐಇ_ಎಎಸ್‌ಪಿಎಂ=ಆಫ್ ಹಾಕಿ ಆಗಲೇ ನೋಡಿದ್ದಾಯ್ತಲ್ಲ ಮಾರಾಯಾ, ಅದಲ್ಲ’ ಅಂದರು. ಬೂಟ್ ಲೋಡರ್ ಗ್ರಬ್‌ನಲ್ಲಿ ಆ ಸಾಲು ಇದ್ದದ್ದು ನಿಜ. ಆದರೆ ಎಲ್‌ಎಸ್‌ಪಿಸಿಐ -ವಿವಿ ಕೊಟ್ಟು ಲಿಂಕ್ ಕಂಟ್ರೋಲ್ ಸಾಲು ನೋಡಿದರೆ ‘ಎಎಸ್‌ಪಿಎಂ ಎಲ್1 ಎನೇಬಲ್ಡ್’ ಎಂದೇ ಇತ್ತು! ಕರ್ನಲ್ ದಾಖಲೆಯಲ್ಲೇ ಬರೆದಿದ್ದಾರೆ: ಇಲ್ಲಿ ಆಫ್ ಎಂದರೆ ಎಎಸ್‌ಪಿಎಂ ತಂಟೆಗೆ ಹೋಗಬೇಡ, ಬಯೋಸ್ ಮಾಡಿಟ್ಟದ್ದನ್ನು ಹಾಗೇ ಬಿಡು ಎಂದು. ಈ ಬಾಕ್ಸಿನ ಬಯೋಸ್ ಎಲ್1 ಆನ್ ಮಾಡಿಟ್ಟಿತ್ತು, ಕರ್ನಲ್ ಕೈಕಟ್ಟಿ ಕೂತಿತ್ತು.

ಮೊದಲು ಗ್ರಬ್‌ನ ಆ ಸಾಲು ತೆಗೆಯಬೇಕು. ಅದು ಇರುವವರೆಗೆ, ಸಾಧನಗಳ ಸೆಟ್ಟಿಂಗ್ ಫೈಲ್ ರೂಪದಲ್ಲಿ ಸಿಗುವ ಸಿಸ್‌ಎಫ್‌ಎಸ್‌ನಲ್ಲಿ ಕಾರ್ಡಿನ ಡಿವೈಸ್ ಫೋಲ್ಡರ್ ಒಳಗೆ ‘ಲಿಂಕ್/ಎಲ್1_ಎಎಸ್‌ಪಿಎಂ’ ಫೈಲ್ ಕಾಣುವುದೇ ಇಲ್ಲ. ತೆಗೆದು ರೀಬೂಟ್ ಮಾಡಿ ಆ ಫೈಲಿಗೆ 0 ಬರೆದು ಎಲ್1 ಆಫ್ ಮಾಡಿದೆ. ಎರಡು ಪೋರ್ಟಿಗೂ. ಪ್ರತಿ ಬೂಟ್‌ಗೂ ಬರೆಯಲು ಒಂದು ಪುಟ್ಟ ಸಿಸ್ಟಂಡಿ ಸರ್ವಿಸ್. ಸ್ಕ್ರಿಪ್ಟನ್ನು ವಾರಾಂತ್ಯ ಪೂರ್ತಿ ಓಡಲು ಬಿಟ್ಟೆ, ಡಿಮೆಸೇಜ್ ಖಾಲಿ.

ಎಎಸ್‌ಪಿಎಂ ಪಾಲಿಸಿಯನ್ನೇ ಪರ್ಫಾರ್ಮೆನ್ಸ್‌ಗೆ ಹಾಕಿದರೂ ಕೆಲಸ ಆಗುತ್ತದೆ, ನೋಡಿದ್ದೇನೆ. ಆದರೆ ಎನ್‌ವಿಎಂಇ ಡಿಸ್ಕ್ ಸಮೇತ ಎಲ್ಲ ಲಿಂಕ್‌ಗಳೂ ಎಚ್ಚರ ಇರುತ್ತವೆ. ವ್ಯಾಟ್ ಮೀಟರಿನಲ್ಲಿ ಐಡಲ್ 9ರ ಆಸುಪಾಸಿನಿಂದ 11 ದಾಟಿತು. ನನ್ನ ದಾರಿಯಲ್ಲಿ ಅರ್ಧ ವ್ಯಾಟ್ ಹೆಚ್ಚಾಗಿರಬಹುದು, ಅಷ್ಟೇ. ಫ್ಯಾನ್ ಇಲ್ಲದ ಬಾಕ್ಸಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಸ್ವಿಚ್ ದುಡ್ಡು ಸ್ಟುಡಿಯೊದವರೇ ಕೊಟ್ಟರು, ಅಡಾಪ್ಟರ್ ನನ್ನ ಬ್ಯಾಗ್ ಸೇರಿತು. ಸಾಗರದಲ್ಲಿ ಹಾಕಿದ ಇನ್ನೊಂದು ಬಾಕ್ಸೂ ಹೀಗೇ ಬೀಳುತ್ತಿತ್ತು. ಅದರ ಬಯೋಸ್ ಮೆನುವಿನಲ್ಲೇ ಎಎಸ್‌ಪಿಎಂ ಆಯ್ಕೆ ಸಿಕ್ಕಿತು. ಅಲ್ಲೇ ಡಿಸೇಬಲ್ ಮಾಡಿ, ಲಿಂಕ್ ಕಂಟ್ರೋಲ್ ಸಾಲು ಇನ್ನೊಮ್ಮೆ ನೋಡಿಕೊಂಡು ಬಂದೆ.