ಟ್ರೈಪಾಡ್‌ಗೆ ಅನುಮತಿ ಇಲ್ಲದ ಸ್ಮಾರಕದಲ್ಲಿ ಅಲುಗದ ಚಿತ್ರ ತೆಗೆಯುವುದು ಹೇಗೆ?

ಹೊರಗಿನ ಬಿಸಿಲಿನಿಂದ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗಕ್ಕೆ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಸಭಾಂಗಣಕ್ಕೆ, ಕಾಲಿಟ್ಟವರಿಗೆ ಮೊದಲಿಗೆ ಹೆಚ್ಚೇನೂ ಕಾಣುವುದಿಲ್ಲ. ಜಾಲಂಧ್ರಗಳಿಂದ (ತೂತು ಕೊರೆದ ಕಲ್ಲಿನ ಕಿಟಕಿಗಳಿಂದ) ಸೋಸಿ ಬರುವ ಬೆಳಕಿಗೆ ಕಣ್ಣು ಒಗ್ಗಿದ ಮೇಲೆಯೇ ಕಡೆದ ಕಂಬಗಳ ಹೊಳಪು, ನೆತ್ತಿಯ ಮೇಲಿನ ಭುವನೇಶ್ವರಿಯ, ಅಂದರೆ ನಡು ಚಾವಣಿಯ, ಕೆತ್ತನೆ ಒಂದೊಂದಾಗಿ ಮೂಡತೊಡಗುತ್ತವೆ. ಕ್ಯಾಮೆರಾ ಹಾಗೆ ಒಗ್ಗುವುದಿಲ್ಲ. ಅದರ ಶಟರ್ ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆರೆದಿರಬೇಕು, ಅಷ್ಟು ಹೊತ್ತು ಕೈ ನಿಲ್ಲದು. ಟ್ರೈಪಾಡ್ ಬಿಚ್ಚೋಣವೆಂದು ಚೀಲಕ್ಕೆ ಕೈ ಹಾಕುವುದು ಆಗಲೇ, ಕಾವಲುಗಾರರು ಬಂದು ತಡೆಯುವುದೂ ಆಗಲೇ.

ನಿಯಮವನ್ನು ಮೊದಲು ತಿಳಿದುಕೊಳ್ಳೋಣ. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯು 2018ರ ಜುಲೈನಲ್ಲಿ, ಅಜಂತಾ ಗುಹೆಗಳು, ಲೇಹ್ ಅರಮನೆ ಮತ್ತು ತಾಜ್ ಮಹಲಿನ ಸಮಾಧಿ ಭಾಗ ಇವುಗಳನ್ನು ಬಿಟ್ಟು ತನ್ನ ಉಳಿದ ಸ್ಮಾರಕಗಳ ಆವರಣದಲ್ಲಿ ಛಾಯಾಗ್ರಹಣಕ್ಕೆ ಅವಕಾಶ ನೀಡಿತು. ಆದರೆ ಈ ಅವಕಾಶ ಕೈಯಲ್ಲಿ ಹಿಡಿದು ತೆಗೆಯುವ ಚಿತ್ರಗಳಿಗೆ. ಟ್ರೈಪಾಡ್, ಸ್ಟ್ಯಾಂಡ್, ದೀಪಗಳನ್ನು ಬಳಸಬೇಕೆಂದರೆ ಮುಂಗಡ ಅನುಮತಿ ಬೇಕು. ಸಿನಿಮಾ, ಜಾಹೀರಾತಿನಂಥ ವಾಣಿಜ್ಯ ಚಿತ್ರೀಕರಣಕ್ಕೆ ಪರವಾನಗಿಯೇ ಬೇರೆ, ಶುಲ್ಕವೇ ಬೇರೆ.

ಈ ನಿರ್ಬಂಧದ ಹಿಂದೆ ಗಟ್ಟಿಯಾದ ಕಾರಣವಿದೆ. ಹೊಯ್ಸಳರ ದೇವಾಲಯಗಳ ಕಲ್ಲು ಬಳಪದ ಕಲ್ಲು. ನಾವು ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ಅಕ್ಷರ ತಿದ್ದಿದ ಬಳಪದ ಜಾತಿಯದೇ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವುದರಿಂದಲೇ ಶಿಲ್ಪಿಗಳು ಅದರಲ್ಲಿ ಆಭರಣದಷ್ಟು ಸೂಕ್ಷ್ಮವಾದ ಕೆಲಸ ಮಾಡಲು ಸಾಧ್ಯವಾಯಿತು. ಹಲವು ವರ್ಷಗಳ ಹಿಂದೆ ಹಳೆಯ ದೇವಾಲಯವೊಂದರಲ್ಲಿ ನನ್ನದೇ ಟ್ರೈಪಾಡಿನ ಒಂದು ಕಾಲಿನ ರಬ್ಬರು ಸವೆದು ಉದುರಿದ್ದನ್ನು ಗಮನಿಸದೆ ನೆಲಕ್ಕೆ ಊರಿ ಎಳೆದಿದ್ದೆ. ಕಪ್ಪು ಕಲ್ಲಿನ ಮೇಲೆ ಉಗುರುದ್ದದ ಬಿಳಿ ಗೀರು ಮೂಡಿತು. ಬೆರಳಿನಿಂದ ಉಜ್ಜಿದರೂ ಅದು ಹೋಗಲಿಲ್ಲ. ದಿನಕ್ಕೆ ಹತ್ತು ಟ್ರೈಪಾಡ್ ಬಂದರೆ ಆ ನೆಲದ ಗತಿಯೇನು ಎಂದು ಅಂದು ಅನಿಸಿದ್ದು ಇಂದಿಗೂ ಮಾಸಿಲ್ಲ. ಇದರ ಜೊತೆಗೆ, ಕತ್ತಲ ನವರಂಗದಲ್ಲಿ ಚಾಚಿದ ಮೂರು ಕಾಲುಗಳಿಗೆ ವಯಸ್ಸಾದವರು ಎಡವಿ ಬೀಳುವ ಅಪಾಯವೂ ಉಂಟು.

ಅಧ್ಯಯನಕ್ಕೋ ಪುಸ್ತಕಕ್ಕೋ ಟ್ರೈಪಾಡ್ ಬೇಕೇ ಬೇಕು ಎನ್ನುವವರು ಸ್ಮಾರಕ ಯಾರ ಸುಪರ್ದಿನಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಆವರಣದಲ್ಲಿರುವ ಸಂರಕ್ಷಿತ ಸ್ಮಾರಕದ ಫಲಕ ಅದನ್ನು ಹೇಳುತ್ತದೆ. ಕೇಂದ್ರದ ಇಲಾಖೆಯದಾದರೆ ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ ಬೆಂಗಳೂರು ವೃತ್ತ (ಇಲಾಖೆಯ ಪ್ರಾದೇಶಿಕ ಕಚೇರಿ), ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಧಾರವಾಡ ವೃತ್ತ, ಹಂಪಿಗೆ ಹಂಪಿ ವೃತ್ತ. ಅರ್ಜಿಯನ್ನು ಆಯಾ ವೃತ್ತದ ಅಧೀಕ್ಷಕ ಪುರಾತತ್ವವಿದರ ಹೆಸರಿಗೆ ಬರೆಯಬೇಕು. ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ, ದಿನಾಂಕ ಮತ್ತು ಸಮಯ, ಉಪಕರಣಗಳ ಪಟ್ಟಿ, ಜೊತೆಗಿರುವವರ ಸಂಖ್ಯೆ ಇವೆಲ್ಲ ಅದರಲ್ಲಿರಲಿ. ಉದ್ದೇಶವನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸದೆ, ಯಾವ ಶಿಲ್ಪ, ಏಕೆ, ಚಿತ್ರ ಎಲ್ಲಿ ಬಳಕೆಯಾಗುತ್ತದೆ ಎಂದು ಬಿಡಿಸಿ ಬರೆಯಿರಿ. ಕೆಲವು ವಾರ ಮೊದಲೇ ಕಳಿಸಿ, ಅನುಮತಿ ಪತ್ರದ ಮುದ್ರಿತ ಪ್ರತಿಯನ್ನು ಸ್ಥಳದ ಕಚೇರಿಯಲ್ಲಿ ತೋರಿಸಿಯೇ ಕ್ಯಾಮೆರಾ ಬಿಚ್ಚಿ. ಬೇಲೂರಿನಂತೆ ನಿತ್ಯಪೂಜೆ ನಡೆಯುವಲ್ಲಿ ದೇವಾಲಯದ ಆಡಳಿತದವರನ್ನೂ ಕೇಳಬೇಕು. ಗರ್ಭಗುಡಿಯತ್ತ ಕ್ಯಾಮೆರಾ ತಿರುಗಿಸಕೂಡದು.

ಉಳಿದವರಿಗೆ ಟ್ರೈಪಾಡ್ ಇಲ್ಲದೆಯೇ ಕೆಲಸವಾಗುತ್ತದೆ. ಕೈಯಲ್ಲಿ ಹಿಡಿದಾಗ ಶಟರ್ ವೇಗದ ಛೇದವು ಲೆನ್ಸಿನ ಫೋಕಲ್ ಲೆಂತ್‌ಗಿಂತ ಕಡಿಮೆಯಾಗಬಾರದು ಎಂಬುದು ಹಳೆಯ ಲೆಕ್ಕ. 24 ಮಿ.ಮೀ. ಲೆನ್ಸಿಗೆ 1/25 ಸೆಕೆಂಡ್. ಲೆನ್ಸಿನಲ್ಲೋ ಕ್ಯಾಮೆರಾದಲ್ಲೋ ಅಲುಗಾಟ ತಡೆಯುವ ವ್ಯವಸ್ಥೆಯಿದ್ದು ಅದು ಮೂರು ಸ್ಟಾಪ್ (ಒಂದೊಂದು ಸ್ಟಾಪಿಗೂ ಸಮಯ ಎರಡರಷ್ಟು) ನೆರವು ಕೊಟ್ಟರೆ 1/3 ಸೆಕೆಂಡಿನವರೆಗೂ ಇಳಿಯಬಹುದು. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಅಳತೆಯಾದ ಐಎಸ್ಒವನ್ನು 1600 ಅಥವಾ 3200ಕ್ಕೆ ಏರಿಸಿ, ರಾ (ಸಂಸ್ಕರಿಸದ ಮೂಲ) ಕಡತದಲ್ಲಿ ತೆಗೆಯಿರಿ. ಗೋಡೆಯ ಕೆತ್ತನೆಗೆ ಬೆನ್ನು ಒರಗಿಸದೆ, ನೆಲದ ಮೇಲೆ ಕುಳಿತು ಎರಡೂ ಮೊಣಕೈಗಳನ್ನು ಮಂಡಿಯ ಮೇಲೆ ಊರಿ, ಉಸಿರನ್ನು ಅರ್ಧ ಹೊರಬಿಟ್ಟು ತಡೆದು, ಐದಾರು ಚಿತ್ರಗಳನ್ನು ಒಂದೇ ಉಸಿರಿಗೆ ಕ್ಲಿಕ್ಕಿಸಿ. ಗುಂಡಿ ಒತ್ತುವಾಗಲೂ ಬಿಡುವಾಗಲೂ ಕೈ ಅಲುಗುವುದರಿಂದ ಸಾಮಾನ್ಯವಾಗಿ ನಡುವಿನವೇ ಸ್ಪಷ್ಟವಾಗಿರುತ್ತವೆ.

ಹುರಿಯ ಉಪಾಯವೂ ಉಂಟು. ಕ್ಯಾಮೆರಾದ ತಳದ ತೂತಿಗೆ ಹೊಂದುವ ಕಾಲು ಇಂಚಿನ ತಿರುಪಿಗೆ ಗಟ್ಟಿ ನೂಲಿನ ಹುರಿ ಕಟ್ಟಿ, ಇನ್ನೊಂದು ತುದಿಯನ್ನು ಪಾದದಡಿ ಮೆಟ್ಟಿ, ಕ್ಯಾಮೆರಾವನ್ನು ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿದರೆ ಮೇಲೆ ಕೆಳಗಿನ ಅಲುಗಾಟ ಬಹಳಷ್ಟು ಕಡಿಮೆಯಾಗುತ್ತದೆ. 6 ಮಿ.ಮೀ. ಬೋಲ್ಟ್ ಇದಕ್ಕೆ ಸರಿಹೊಂದದು, ಒತ್ತಾಯಿಸಿದರೆ ತೂತಿನೊಳಗಿನ ತಿರುಪಿನ ಗೆರೆಗಳು ಹಾಳಾಗುತ್ತವೆ.

ಭುವನೇಶ್ವರಿಯನ್ನು ತೆಗೆಯಲು ನನ್ನ ಮಟ್ಟಿಗೆ ಟ್ರೈಪಾಡಿಗಿಂತ ಒಂದು ಟವೆಲ್ಲೇ ಮೇಲು. ಕಾವಲುಗಾರರನ್ನು ಕೇಳಿ, ಜನ ಓಡಾಡದ ಹೊತ್ತು ನೋಡಿ, ಮಡಿಸಿದ ಟವೆಲ್ಲನ್ನು ನೆಲದ ಮೇಲೆ ಹಾಸಿ, ಕ್ಯಾಮೆರಾವನ್ನು ಅಂಗಾತ ಮಲಗಿಸಿ. ಲೆನ್ಸ್ ನೇರ ಮೇಲಕ್ಕೆ ನೋಡಲಿ. ಸೆಲ್ಫ್ ಟೈಮರ್ 10 ಸೆಕೆಂಡಿಗೆ ಇಟ್ಟು ಗುಂಡಿ ಒತ್ತಿ, ಚಿತ್ರದ ಚೌಕಟ್ಟಿನಿಂದ ಆಚೆ ಸರಿಯಿರಿ. ಕ್ಯಾಮೆರಾ ಅಲುಗುವ ಪ್ರಶ್ನೆಯೇ ಇಲ್ಲದ್ದರಿಂದ ಐಎಸ್ಒ 100 ಇಟ್ಟು ಶಟರನ್ನು ಎರಡು ಮೂರು ಸೆಕೆಂಡ್ ತೆರೆದಿಡಬಹುದು. ನಿಂತು ಕತ್ತೆತ್ತಿ ತೆಗೆದ ಚಿತ್ರದಲ್ಲಿ ಕಾಣದ ಸಣ್ಣ ಆಕೃತಿಗಳೂ ಇದರಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ.

ಮಂದ ಬೆಳಕಿನ ಕಾಳು ಕಾಳಾದ ನಾಯ್ಸ್ ಕಡಿಮೆ ಮಾಡಲು ಒಂದೇ ದೃಶ್ಯದ ಹಲವು ಚಿತ್ರಗಳನ್ನು ಸರಾಸರಿ ಮಾಡುವ ವಿಧಾನವಿದೆ. ನಾಯ್ಸ್ ತಗ್ಗುವುದು ಚಿತ್ರಗಳ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ: 4 ಚಿತ್ರ ಸೇರಿಸಿದರೆ ಅರ್ಧಕ್ಕೆ, 16 ಸೇರಿಸಿದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಫೋಟೋಶಾಪ್‌ನಲ್ಲಿ ಎಲ್ಲವನ್ನೂ ಲೇಯರ್‌ಗಳಾಗಿ ತೆರೆದು, ಒಂದರ ಮೇಲೊಂದು ಕೂರುವಂತೆ ಹೊಂದಿಸಿ, ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಸರಾಸರಿಯ ಬದಲು ಮೀಡಿಯನ್ (ನಡುವಿನ ಬೆಲೆ) ಆಯ್ಕೆ ಮಾಡಿದರೆ ನಡುವೆ ಹಾದುಹೋದ ಪ್ರವಾಸಿಗರೂ ಬಹುಮಟ್ಟಿಗೆ ಮಾಯವಾಗುತ್ತಾರೆ. ಮೊಬೈಲಿನ ನೈಟ್ ಮೋಡ್ ಒಳಗೊಳಗೇ ಮಾಡುವುದೂ ಬಹುಪಾಲು ಇದನ್ನೇ.

ಫ್ಲ್ಯಾಶ್ ಬೇಡ, ಕೆತ್ತನೆಯ ನೆರಳನ್ನು ಅದು ಚಪ್ಪಟೆ ಮಾಡಿಬಿಡುತ್ತದೆ. ಅದರ ಬದಲು ಹೊತ್ತು ನೋಡಿ ಹೋಗಿ. ಚೆನ್ನಕೇಶವ ದೇವಾಲಯ ಪೂರ್ವಾಭಿಮುಖ. ಬೆಳಗಿನ ಬಿಸಿಲು ಬಾಗಿಲಿನಿಂದ ಒಳಬಂದು, ಸವೆದು ನುಣುಪಾದ ನೆಲಕ್ಕೆ ಬಿದ್ದು ಕಂಬಗಳ ಬುಡಕ್ಕೆ ಚಿಮ್ಮುವ ಹೊತ್ತಿನಲ್ಲಿ, ಮಧ್ಯಾಹ್ನ 1/3 ಸೆಕೆಂಡ್ ಬೇಡುವ ಚಿತ್ರ 1/15 ಸೆಕೆಂಡಿನಲ್ಲೇ ಸಿಗಬಹುದು.