ಚಂದ್ರಿಕೆಗೆ ಕಟ್ಟಿದ ಚಿತ್ರಗಳು: ನನ್ನ ಅನುಭವ

ಚಂದ್ರಿಕೆ ಅಂದರೆ ರೇಷ್ಮೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆ. ಹಳೇ ಚಂದ್ರಿಕೆಗೆ ರೇಷ್ಮೆ ಊರುಗಳ ಫೋಟೊ ಕಟ್ಟಿ ಜಾತ್ರೆಯಲ್ಲಿ ನಿಲ್ಲಿಸುತ್ತೇನೆ ಅಂದಾಗ ಬೆಂಗಳೂರಿನ ಗೆಳೆಯರು ಫೋನಿನಲ್ಲೇ ನಕ್ಕಿದ್ದರು. ಊರಿನವರೂ ನಂಬಲಿಲ್ಲ. "ಸೌದೆಗೆ ಹಾಕೋದು ಸಾರ್ ಅವು, ಎಷ್ಟು ಬೇಕೋ ಹೊತ್ಕೊಂಡೋಗಿ" ಅಂದರು. ಹೋದ ಬೇಸಿಗೆಯಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಜಾತ್ರೆಯಲ್ಲಿ 40 ಚಂದ್ರಿಕೆ ನಿಂತವು. ಮೂರು ದಿನದಲ್ಲಿ ಮೂರು ಸಾವಿರ ಜನರಾದರೂ ನೋಡಿರಬೇಕು. ನಕ್ಕವರಲ್ಲಿ ಇಬ್ಬರು ಕಾರು ಮಾಡಿಕೊಂಡು ಬಂದು ಅಳತೆ ಬರೆದುಕೊಂಡು ಹೋದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಎರಡು ಸಲ ಪ್ರದರ್ಶನ ಮಾಡಿ ಸೋತಿದ್ದೆ. ಮೊದಲನೆಯದು ಬೆಂಗಳೂರಿನ ಬಾಡಿಗೆ ಸಭಾಂಗಣದಲ್ಲಿ. ಗಾಜಿನ ಫ್ರೇಮು, ಆಹ್ವಾನ ಪತ್ರಿಕೆ, ಕಾಫಿ ಎಲ್ಲ ಸೇರಿ 85 ಸಾವಿರದ ಹತ್ತಿರ ಹೋಯಿತು. ಮಾರಾಟವಾದದ್ದು ಎರಡೇ ಚಿತ್ರ. ದುಡ್ಡಿಗಿಂತ ಹೆಚ್ಚು ನೋಯಿಸಿದ್ದು ಬೇರೆ. ಚಿತ್ರದಲ್ಲಿದ್ದ ರೈತರೊಬ್ಬರನ್ನು ಆಸೆಯಿಂದ ಕರೆಸಿದ್ದೆ. ಅವರು ಸಭಾಂಗಣದ ಬಾಗಿಲಲ್ಲಿ ನಿಂತು "ಚಪ್ಪಲಿ ಬಿಡಬೇಕಾ ಸಾರ್?" ಅಂತ ಕೇಳಿದರು. ಹುಳದ ಮನೆಗೆ ಚಪ್ಪಲಿ ಹಾಕಿಕೊಂಡು ಯಾರೂ ಕಾಲಿಡುವುದಿಲ್ಲ, ಅದೇ ರೂಢಿ. ಬೇಡ ಅಂದೆ. ಹತ್ತು ನಿಮಿಷ ಗೋಡೆಗೆ ಒತ್ತಿಕೊಂಡು ನಿಂತರು, ತಮ್ಮದೇ ಮನೆಯ ಚಿತ್ರವನ್ನು ದೂರದಿಂದಲೇ ನೋಡಿದರು, ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಬಿಟ್ಟರು.

ಮಾರನೇ ವರ್ಷ ಹಳ್ಳಿಯಲ್ಲೇ ಫ್ಲೆಕ್ಸಿನಲ್ಲಿ ಮಾಡಿದೆ. ಚದರಡಿಗೆ 12–15 ರೂಪಾಯಿ, ಅಗ್ಗ. ಬೆಳಗ್ಗೆ ಹತ್ತಾದರೆ ಬಿಸಿಲಿನ ಹೊಳಪಿಗೆ ಏನೂ ಕಾಣದು. ಸಂಜೆ ಗಾಳಿಗೆ ಹಗ್ಗ ಕಟ್ಟಿದ ತೂತುಗಳು ಕಿತ್ತುಬಂದವು. ದಾರಿಯಲ್ಲಿ ಹೋಗುವವರು "ಯಾರ ಹುಟ್ಟುಹಬ್ಬ?" ಅಂತ ಕೇಳಿ ಮುಂದೆ ಹೋಗುತ್ತಿದ್ದರು. ಫ್ಲೆಕ್ಸ್ ಎಂದರೆ ಶುಭಾಶಯ, ಶ್ರದ್ಧಾಂಜಲಿ ಅಂತ ಜನರ ಕಣ್ಣಿಗೆ ಅಭ್ಯಾಸವಾಗಿಬಿಟ್ಟಿದೆ. ಅದರ ಮೇಲೆ ಏನು ಅಚ್ಚು ಹಾಕಿದರೂ ಯಾರೂ ನಿಂತು ನೋಡುವುದಿಲ್ಲ.

ಚಿತ್ರ ತೆಗೆಯುವುದೂ ಸಲೀಸಾಗಿರಲಿಲ್ಲ. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಹೊರಗಿನವರ ಕಣ್ಣು ಬೀಳಬಾರದು ಎನ್ನುವುದು ಇಲ್ಲಿನ ನಂಬಿಕೆ. ಅದರ ಜೊತೆಗೆ ರೋಗದ ಭಯ, ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣದ ಭಯ. ಮೊದಲ ಆರು ತಿಂಗಳು ಕ್ಯಾಮೆರಾ ಹೊರತೆಗೆಯದೆ ಬರೀ ಸೊಪ್ಪು ಹೊತ್ತೆ. ಸೆಂಟು, ಪೌಡರು ಬಿಟ್ಟೆ. ಬ್ಲೀಚಿಂಗ್ ಪೌಡರ್ ನೀರಲ್ಲಿ ಕಾಲು ಅದ್ದಿಯೇ ಒಳಗೆ ಹೋಗುತ್ತಿದ್ದೆ. ಆಮೇಲೆ ಬರೀ ಕೈಗಳನ್ನು ತೆಗೆದೆ. ವಾರದೊಳಗೆ 8×12 ಪ್ರಿಂಟು ಮಾಡಿಸಿ ಮನೆಗೆ ಮುಟ್ಟಿಸಿದೆ, ಒಂದಕ್ಕೆ 40 ರೂಪಾಯಿ ಬಿದ್ದಿರಬೇಕು. ಆ ಮನೆಯ ಬೆಳೆ ನೂರು ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ ಸೇರಿ ಇಲ್ಲಿ ಒಂದು ಲೆಕ್ಕ) 80 ಕೆ.ಜಿ. ಗೂಡಿನ ಹತ್ತಿರ ಬಂತು. ಅಲ್ಲಿಂದ ಮುಂದೆ ಅಕ್ಕಪಕ್ಕದವರೇ "ನಮ್ಮ ಮನೆಗೂ ಬಾಪ್ಪ" ಅಂತ ಕರೆಯತೊಡಗಿದರು.

ಟ್ಯೂಬ್‌ಲೈಟಿನ ಪಟ್ಟೆ ಬೀಳದಂತೆ ಕ್ಯಾಮೆರಾದ ಶಟರ್ ವೇಗವನ್ನು 1/50 ಸೆಕೆಂಡಿಗೇ ಕಟ್ಟಿಹಾಕಿದ್ದೆ. ಫ್ಲ್ಯಾಷ್ ಒಂದು ಸಲವೂ ಹಾಕಲಿಲ್ಲ. ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಮನೆಗಳಲ್ಲಿ ಬಿಸಿನೀರಿನ ಹಬೆಗೆ ಲೆನ್ಸು ಮಂಜಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ಅರ್ಧ ಗಂಟೆ ಒಳಗಿಟ್ಟು ಆಮೇಲೆ ತೆಗೆಯಬೇಕು. ಅಲ್ಲಿ ತೆಗೆದ ಒಂದು ಚಿತ್ರ ನನಗೆ ಎಲ್ಲಕ್ಕಿಂತ ಹತ್ತಿರದ್ದು. ಒಬ್ಬ ತಾಯಿಯ ಬೆರಳ ತುದಿ. ದಿನವಿಡೀ ನೀರಲ್ಲಿ ನೆನೆದು ಬೆಳ್ಳಗೆ ಮುದುರಿದೆ, ತೋರುಬೆರಳಿನ ಮೇಲೆ ಎಳೆ ಕೊಯ್ದ ಸಣ್ಣ ಗೀರು, ಆ ಗೀರಿನ ಮೇಲೇ ಇನ್ನೊಂದು ಎಳೆ ಹಾದುಹೋಗುತ್ತಿದೆ. ಒಂದು ಬಿಳಿ ಗೂಡಿನಲ್ಲಿ ಸಾವಿರ ಮೀಟರ್ ಆಸುಪಾಸು ನೂಲಿರುತ್ತದೆ. ಅಷ್ಟೂ ಆ ಬೆರಳು ದಾಟಿಯೇ ಬರಬೇಕು.

ಈಗ ಚಂದ್ರಿಕೆ ವಿಷಯ. ಚಂದ್ರಿಕೆಯ ಕೆಲಸವನ್ನೇ ಮಾಡುವ ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ಬಿದಿರಿನವು ಎಷ್ಟೋ ಮನೆಗಳಲ್ಲಿ ಅಟ್ಟ ಸೇರಿವೆ. ಆರಡಿ-ನಾಲ್ಕಡಿ ಚಾಪೆ, ಅದರ ಮೇಲೆ ಸುರುಳಿಯಾಗಿ ಹೊಲಿದ ಎರಡಂಗುಲದ ಪಟ್ಟಿ. ಚಿತ್ರವನ್ನು ಈ ಪಟ್ಟಿಯ ಅಂಚಿನ ಮೇಲೆ ಕೂರಿಸಿದರೆ ಚಾಪೆಗೂ ಅದಕ್ಕೂ ನಡುವೆ ಎರಡಂಗುಲ ಜಾಗ ಉಳಿಯುತ್ತದೆ, ಗಾಳಿ ಅಲ್ಲೇ ಸೋಸಿಕೊಂಡು ಹೋಗುತ್ತದೆ. 30×45 ಇಂಚಿನ ಅಳತೆ ಇಟ್ಟೆ. ಸುತ್ತಲೂ ಸುರುಳಿ ಕಾಣುತ್ತದೆ, ಬೇರೆ ಫ್ರೇಮು ಬೇಕಿಲ್ಲ. ಕೂರಿಸಿದ್ದು ಮೊಳೆಯಿಂದಲೂ ಅಲ್ಲ, ಅಂಟಿನಿಂದಲೂ ಅಲ್ಲ. ಅದನ್ನು ಕಂಡುಹಿಡಿಯಲು ನನಗೆ ಎರಡು ತಿಂಗಳು ಬೇಕಾಯಿತು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕೆಲವು ಚಂದ್ರಿಕೆಗಳಲ್ಲಿ ಹಳೇ ಬೆಳೆಯ ಎಳೆ ಅಂಟಿಕೊಂಡೇ ಇತ್ತು. ರೈತರು ಅದನ್ನು ಸುಟ್ಟು ತೆಗೆಯುತ್ತಾರೆ, ನಾನು ಹಾಗೇ ಬಿಟ್ಟೆ. ರೋಗ ಹರಡಬಾರದಲ್ಲ, ಹಾಗಾಗಿ ಮತ್ತೆ ಹುಳಕ್ಕೆ ಬಳಸದಂಥ ಮುರುಕಲು ಚಂದ್ರಿಕೆಗಳನ್ನೇ ಅದಕ್ಕೆ ಆರಿಸಿದ್ದೆ. ಸಂಜೆ ಬೆಳಕಿಗೆ ಆ ಎಳೆ ಮಿನುಗುವುದನ್ನು ನೋಡಲು ಮಕ್ಕಳು ಮುಗಿಬಿದ್ದರು.

ಕ್ಯಾನ್ವಾಸ್ ಚದರಡಿಗೆ 70 ರೂಪಾಯಿ ಲೆಕ್ಕ, 28 ಚಿತ್ರಕ್ಕೆ ಹದಿನೆಂಟು ಸಾವಿರದಷ್ಟಾಯಿತು. ಉಳಿದ 12 ಚಿತ್ರ ತೆಳು ಸ್ಯಾಟಿನ್ ಬಟ್ಟೆಯ ಮೇಲೆ. ಇವಕ್ಕೆ ರಾತ್ರಿ ಹಿಂದಿನಿಂದ ಎಲ್‌ಇಡಿ ಪಟ್ಟಿ ಹಚ್ಚಿದರೆ ಚಿತ್ರದೊಳಗಿಂದ ಸುರುಳಿಯ ನೆರಳು ಮೂಡುತ್ತದೆ. ತಂಬಿಟ್ಟು ದೀಪ ಹೊತ್ತ ಹೆಂಗಸರ ಸಾಲಿನ ಚಿತ್ರಕ್ಕೆ ಇದು ಎಷ್ಟು ಒಪ್ಪಿತೆಂದರೆ ಕೆಲವರು ಕೈಮುಗಿದರು. ಪಂಡರಿ ಭಜನೆಯ ಚಿತ್ರಕ್ಕೆ ಮಾತ್ರ ಒಪ್ಪಲಿಲ್ಲ, ಕುಣಿಯುವ ಕಾಲುಗಳೆಲ್ಲ ಸುರುಳಿಯಲ್ಲಿ ಕಲಸಿಹೋದವು. ಎರಡನೇ ದಿನ ತೆಗೆದುಬಿಟ್ಟೆ.

ನಡುವೆ ಸೈನೋಟೈಪಿನ ಹುಚ್ಚೂ ಹಿಡಿದಿತ್ತು, ರಾಸಾಯನಿಕ ಬಳಿದ ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೀಲಿ ಅಚ್ಚು ತೆಗೆಯುವ ಹಳೇ ವಿಧಾನ ಅದು. ಹಿಪ್ಪುನೇರಳೆ ಎಲೆಯನ್ನು ಹಳೇ ರೇಷ್ಮೆ ಬಟ್ಟೆಯ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಅಚ್ಚು ಚೆನ್ನಾಗಿ ಬೀಳುತ್ತಿತ್ತು, ತೊಳೆದರೆ ನೀಲಿ ಮಾಸುತ್ತಿತ್ತು. ಹದಿನೈದು ತುಂಡು ಹಾಳಾದ ಮೇಲೆ ಹೊಳೆಯಿತು, ನಮ್ಮ ಬೋರ್‌ವೆಲ್ ನೀರು ಕ್ಷಾರ. ಮೊದಲ ನೀರಿಗೆ ನಿಂಬೆರಸ ಹಿಂಡಿದ ಮೇಲೆ ನೀಲಿ ನಿಂತಿತು. ಎಷ್ಟು ಹಿಂಡಬೇಕು ಅನ್ನೋದು ನಿಮ್ಮೂರಿನ ನೀರಿನ ಮೇಲೆ ಹೋಗುತ್ತದೆ.

ಚಿತ್ರದ ಕೆಳಗಿನ ಬರಹವನ್ನು ಊರಿನ ಮಾತಿನಲ್ಲೇ ಬರೆಸಿದೆ. ಈ ಕಡೆ ಅರ್ಧ ಮಾತು ತೆಲುಗು, ಬರೆಯುವುದು ಕನ್ನಡ ಅಕ್ಷರದಲ್ಲಿ. "ಪುರುಗು ಪಂಡಿಂದಿ" ಅಂತ ಒಂದರ ಕೆಳಗೆ, "ಹುಳ ಹಣ್ಣಾಯ್ತು" ಅಂತ ಪಕ್ಕದ್ದರ ಕೆಳಗೆ. ಓದಿದವರೆಲ್ಲ ಗಟ್ಟಿಯಾಗಿ ಓದಿದರು. ತಮಟೆಯ ಚಿತ್ರಗಳ ಮುಂದೆ ಮಾತು ತಾನಾಗಿಯೇ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರ ಕಡೆ ಹೊರಳುತ್ತಿತ್ತು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದನ್ನು ಜನ ತಮ್ಮ ಮನೆಯ ಸುದ್ದಿಯ ಹಾಗೆ ಹೇಳುತ್ತಿದ್ದರು.

ಮೂರನೇ ದಿನ ಪೇಟೆಯಿಂದ ನೂಲು ಬಿಚ್ಚುವ ಕುಟುಂಬಗಳು ಬಂದವು. ಬೆರಳಿನ ಚಿತ್ರದ ಮುಂದೆ ರೈತರೊಬ್ಬರು ಬಹಳ ಹೊತ್ತು ನಿಂತಿದ್ದರು. ಪಕ್ಕದಲ್ಲಿದ್ದ ನೂಲು ಬಿಚ್ಚುವವರೊಬ್ಬರು "ಅದು ನಮ್ಮ ಅಮ್ಮೀಜಾನ್ ಕೈ" ಅಂದರು. ವಿಚಾರಿಸಿದರೆ ಆ ರೈತರ ಗೂಡನ್ನು ಇವರು ಮಾರುಕಟ್ಟೆಯಲ್ಲಿ ನಾಲ್ಕಾರು ಸಲ ಕೊಂಡಿದ್ದಾರೆ. ಅಲ್ಲಿ ಹರಾಜೆಲ್ಲ ಮೊಬೈಲಿನಲ್ಲಿ, ಲಾಟ್ ನಂಬರು ಗೊತ್ತು, ಮುಖ ಗೊತ್ತಿಲ್ಲ. ಇಬ್ಬರೂ ಅಲ್ಲೇ ಕೂತು ಟೀ ಕುಡಿದರು. ಆ ಚಿತ್ರಗಳ ಸಾಲಿನ ಮುಂದೆ ಯಾರೂ ಹೇಳದೆಯೇ ಚಪ್ಪಲಿಗಳ ರಾಶಿ ಬಿದ್ದಿತ್ತು.

ಒಟ್ಟು ಖರ್ಚು 46 ಸಾವಿರ ಚಿಲ್ಲರೆ. ಜಾತ್ರೆ ಸಮಿತಿ ಕರೆಂಟು, ಊಟ ನೋಡಿಕೊಂಡಿತು. 14 ಚಿತ್ರ ಮಾರಾಟವಾದವು, ಚಂದ್ರಿಕೆ ಸಮೇತ, ಒಂದಕ್ಕೆ ಮೂರು ಸಾವಿರದ ಮೇಲೆ. ಚಿತ್ರದಲ್ಲಿದ್ದ ಮನೆಗಳಿಗೆ 9 ಹಾಗೇ ಕೊಟ್ಟೆ. ಉಳಿದವು ಅಟ್ಟದಲ್ಲಿವೆ.

ಮುಂದಿನದು ಚಿಂತಾಮಣಿ ಕಡೆಯ ಹುಣಸೆ ಸುಗ್ಗಿ. ಎರಡು ವರ್ಷದ ಚಿತ್ರ ಕೈಯಲ್ಲಿದೆ. ಯಾವುದಕ್ಕೆ ಕಟ್ಟಬೇಕು ಅನ್ನೋದೂ ಗೊತ್ತಾಗಿದೆ, ನಿಂತ ಮೇಲೆ ಬಂದು ನೋಡಿ.