120 ಲೇಖನ ಅಳಿಸಿದ ಮೇಲೆ ಟ್ರಾಫಿಕ್ ಬಂತು: ನನ್ನ ಅನುಭವ

ಹೋದ ವರ್ಷ ನನ್ನ ಸೈಟಿನಿಂದ ಸುಮಾರು 120 ಲೇಖನ ತೆಗೆದುಹಾಕಿದೆ. ಇದೇ ಕೆಲಸದಲ್ಲಿರುವ ಗೆಳೆಯರು ಒಬ್ಬರೂ ಒಪ್ಪಲಿಲ್ಲ. 'ಇರೋ ನಾಲ್ಕು ಜನಾನೂ ಹೋಗ್ತಾರೆ, ಇನ್ನೂ ಜಾಸ್ತಿ ಬರಿ' ಅಂದರು. ಆಗ ಸರ್ಚ್‌ನಿಂದ ದಿನಕ್ಕೆ 140 ಜನ ಬರುತ್ತಿದ್ದರು. ಈಗ 1,100ರ ಆಸುಪಾಸು. ಜಾಹೀರಾತಿಗೆ ಬಿಡಿಗಾಸೂ ಹಾಕಿಲ್ಲ.

ಸೈಟ್ ಇರುವುದು ಹೊಲಿಗೆ ಯಂತ್ರದ ರಿಪೇರಿ ಬಗ್ಗೆ. ಐದು ವರ್ಷದಲ್ಲಿ 210 ಲೇಖನ ಆಗಿದ್ದವು. ವಾರಕ್ಕೊಂದು ಬರೆಯಲೇಬೇಕು ಅಂತ ಹಟ ಹಿಡಿದು ಬರೆದವು. ಅದೇ ತಪ್ಪು.

ಮೊದಲು ದುಡ್ಡು ಕಳೆದುಕೊಂಡ ಕಥೆ ಹೇಳಿಬಿಡುತ್ತೇನೆ. ಎರಡನೇ ವರ್ಷ ಒಂದು ಏಜೆನ್ಸಿಯಿಂದ 200 ಬ್ಯಾಕ್‌ಲಿಂಕ್, ಅಂದರೆ ಬೇರೆ ಸೈಟುಗಳಿಂದ ನನ್ನ ಸೈಟಿಗೆ ಬರುವ ಲಿಂಕ್, ಕೊಂಡೆ. ಕೊಟ್ಟ ದುಡ್ಡಿನಲ್ಲಿ ಒಂದೂವರೆ ವರ್ಷದ ಹೋಸ್ಟಿಂಗ್ (ಸೈಟ್ ಇಡುವ ಜಾಗದ ಬಾಡಿಗೆ) ಕಟ್ಟಬಹುದಿತ್ತು. ಇಂಥ ಲಿಂಕ್‌ಗಳ ಮೇಲೆ ಗೂಗಲ್ 2012ರ ಪೆಂಗ್ವಿನ್ ಅಪ್‌ಡೇಟ್‌ನಿಂದಲೇ ಕಣ್ಣಿಟ್ಟಿದೆ ಅಂತ ಗೊತ್ತಿತ್ತು. ಆದರೂ ಏಜೆನ್ಸಿಯವರು 'ನಮ್ಮದು ಬೇರೆ ಥರ' ಅಂದದ್ದನ್ನು ನಂಬಿದೆ. ಬಂದವೆಲ್ಲ ಯಾರೂ ಓದದ ಸೈಟುಗಳ ಲಿಂಕ್. ಮೂರು ತಿಂಗಳು ಕಾದೆ, ಒಂದು ಸ್ಥಾನವೂ ಮೇಲೆ ಬರಲಿಲ್ಲ.

ಆಮೇಲೆ ಹೊಸ ಡಿಸೈನ್ ಮಾಡಿಸಿದೆ. ಟೆಸ್ಟಿಂಗ್‌ಗೆ ಹಾಕಿದ್ದ ನೋಇಂಡೆಕ್ಸ್ ಟ್ಯಾಗನ್ನು (ಈ ಪುಟವನ್ನು ಸರ್ಚ್‌ನಲ್ಲಿ ತೋರಿಸಬೇಡ ಅಂತ ಹೇಳುವ ಸಾಲು) ಲೈವ್ ಮಾಡುವಾಗ ಯಾರೂ ತೆಗೆದಿರಲಿಲ್ಲ. ನಾನು ನೋಡುವಷ್ಟರಲ್ಲಿ ಹನ್ನೊಂದು ದಿನ ಕಳೆದಿತ್ತು. ಪುಟಗಳು ಒಂದೊಂದಾಗಿ ಸರ್ಚ್‌ನಿಂದ ಮಾಯವಾಗುವುದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಮೊದಲಿನ ಸ್ಥಿತಿಗೆ ಬರಲು ಎರಡು ತಿಂಗಳು ಹಿಡಿಯಿತು. ಈಗ ಸೈಟಿನಲ್ಲಿ ಏನೇ ಬದಲಾಯಿಸಿದರೂ ಮೊದಲು ಪೇಜ್ ಸೋರ್ಸ್ (ಪುಟದ ಹಿಂದಿನ ಕೋಡ್) ತೆಗೆದು ಆ ಒಂದು ಸಾಲು ಹುಡುಕುತ್ತೇನೆ.

ಎಐ ಹತ್ತಿರ ಬರೆಸಿ ನೋಡಿದ್ದೂ ಆಯಿತು, 40 ಲೇಖನ. ಮುಕ್ಕಾಲು ಪಾಲು 'ಕ್ರಾಲ್ ಆಗಿದೆ, ಸದ್ಯಕ್ಕೆ ಇಂಡೆಕ್ಸ್ ಆಗಿಲ್ಲ' ಅನ್ನುವ ಪಟ್ಟಿಯಲ್ಲೇ ಕೂತವು, ಅಂದರೆ ಗೂಗಲ್ ನೋಡಿತು, ಆದರೆ ಸರ್ಚ್‌ಗೆ ಸೇರಿಸಿಕೊಳ್ಳಲಿಲ್ಲ. ಯಂತ್ರವನ್ನು ಕೈಯಲ್ಲಿ ಬಿಚ್ಚದವರು ಬರೆದದ್ದು ಅಂತ ಓದಿದರೇ ಗೊತ್ತಾಗುತ್ತಿತ್ತು. ಅವೇ ಮೊದಲು ಅಳಿಸಿದವು.

ಈಗ ವಿಷಯಕ್ಕೆ ಬರುತ್ತೇನೆ. ಸೈಟ್ ಸರ್ಚ್‌ನಲ್ಲಿ ಹೇಗಿದೆ ಅಂತ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟಿರುತ್ತದೆ, ಅಲ್ವಾ? ಅಷ್ಟನ್ನೂ ಶೀಟ್‌ಗೆ ಇಳಿಸಿಕೊಂಡೆ. ಒಂದೊಂದು ಲೇಖನದ ಎದುರಿಗೆ ಇಂಪ್ರೆಷನ್ (ಸರ್ಚ್‌ನಲ್ಲಿ ಎಷ್ಟು ಸಲ ಕಂಡಿತು), ಕ್ಲಿಕ್, ಸರಾಸರಿ ಸ್ಥಾನ. ನೋಡಿದರೆ 210ರಲ್ಲಿ 30 ಲೇಖನಗಳೇ ಹೆಚ್ಚುಕಡಿಮೆ ಎಲ್ಲ ಕ್ಲಿಕ್ ತರುತ್ತಿದ್ದವು. 60ರಷ್ಟು 8ರಿಂದ 20ನೇ ಸ್ಥಾನದ ನಡುವೆ ಒದ್ದಾಡುತ್ತಿದ್ದವು. ಉಳಿದವು ಸುಮ್ನೆ ಇದ್ದವು.

ಬಂಗಾರ ಇದ್ದದ್ದು ಆ ಅರವತ್ತರಲ್ಲಿ. ಒಂದನ್ನು ಬಿಡಿಸಿ ಹೇಳುತ್ತೇನೆ. ದಾರದ ಟೆನ್ಷನ್ (ಬಿಗಿತ) ಬಗ್ಗೆಯೇ ನನ್ನ ಐದು ಲೇಖನ ಇದ್ದವು. ಒಂದಕ್ಕೊಂದು ಅಡ್ಡ ಬರುತ್ತಿದ್ದವು. ಒಂದರ ಹೆಸರು 'ಹೊಲಿಗೆ ಯಂತ್ರದ ಟೆನ್ಷನ್: ಸಂಪೂರ್ಣ ಮಾಹಿತಿ'. ಹಾಗಂತ ಯಾರು ಹುಡುಕುತ್ತಾರೆ? ಜನ ಹುಡುಕುತ್ತಿದ್ದದ್ದು 'ಬಟ್ಟೆ ಕೆಳಗೆ ದಾರ ಗಂಟು ಬೀಳುತ್ತೆ' ಅಂತ. ಐದನ್ನೂ ಸೇರಿಸಿ ಒಂದು ಮಾಡಿದೆ, ಅದಕ್ಕೆ ಅದೇ ಮಾತಿನ ಹೆಸರಿಟ್ಟೆ. ಟೆನ್ಷನ್ ಅಂದರೇನು ಅನ್ನುವ ಮುನ್ನೂರು ಪದದ ಪೀಠಿಕೆ ಕಿತ್ತೆಸೆದೆ. ಮೊದಲ ಸಾಲಿಗೇ ಉತ್ತರ: 'ಪ್ರೆಸರ್ ಫೂಟ್ ಮೇಲೆತ್ತಿ, ಮೇಲಿನ ದಾರವನ್ನು ಪೂರ್ತಿ ತೆಗೆದು ಮತ್ತೆ ಹಾಕಿ.' ಬಟ್ಟೆಯನ್ನು ಒತ್ತಿ ಹಿಡಿಯುವ ಆ ಫೂಟ್ ಕೆಳಗಿದ್ದರೆ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಡಿಸ್ಕ್ ಮುಚ್ಚಿಕೊಂಡಿರುತ್ತದೆ, ದಾರ ಒಳಗೆ ಕೂರುವುದಿಲ್ಲ. ಅದರ ಕೆಳಗೆ ನನ್ನ ಯಂತ್ರದ್ದೇ ಎರಡು ಫೋಟೊ, ಗಂಟು ಬಿದ್ದ ಬಟ್ಟೆ ಒಂದು, ಸರಿಯಾದ ಹೊಲಿಗೆ ಒಂದು. ಸೇರಿಸುವ ಮೊದಲು ಸ್ಥಾನ 11, ತಿಂಗಳಿಗೆ 40 ಕ್ಲಿಕ್. ಐದು ತಿಂಗಳಾದ ಮೇಲೆ ಸ್ಥಾನ 3, ಕ್ಲಿಕ್ 700 ದಾಟಿತು.

ಸೇರಿಸಿದ ಹಳೇ ಲೇಖನಗಳಿಗೆಲ್ಲ 301 ರೀಡೈರೆಕ್ಟ್ (ಹಳೇ ವಿಳಾಸಕ್ಕೆ ಬಂದವರನ್ನು ಶಾಶ್ವತವಾಗಿ ಹೊಸ ಪುಟಕ್ಕೆ ಕಳಿಸುವುದು) ಕೊಟ್ಟೆ, ಅದೂ ಅದೇ ವಿಷಯದ ಪುಟಕ್ಕೆ. ಎಲ್ಲವನ್ನೂ ಹೋಮ್‌ಪೇಜ್‌ಗೆ ತಿರುಗಿಸಬೇಡಿ, ಗೂಗಲ್ ಅದನ್ನು ಸಾಫ್ಟ್ 404, ಅಂದರೆ ಇಲ್ಲದ ಪುಟ, ಅಂತ ಎಣಿಸುತ್ತದೆ. ಏನೂ ಕೆಲಸಕ್ಕೆ ಬಾರದವನ್ನು ಪೂರ್ತಿ ತೆಗೆದೆ. ಯಾವುದನ್ನು ಸೇರಿಸಬೇಕು, ಯಾವುದನ್ನು ಅಳಿಸಬೇಕು ಅಂತ ತೀರ್ಮಾನಿಸಲು ನನ್ನದೊಂದು ಲೆಕ್ಕ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದನ್ನು ಕಂಡುಕೊಳ್ಳಲು ನನಗೆ ಎಂಟು ತಿಂಗಳು ಬೇಕಾಯಿತು.

ಮೊದಲ ಆರು ವಾರ ಟ್ರಾಫಿಕ್ ಇಳಿಯಿತು, 90ಕ್ಕೆ ಬಂತು. 'ಹೇಳಿರಲಿಲ್ವಾ' ಅನ್ನುವ ಮೆಸೇಜ್‌ಗಳೂ ಬಂದವು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆದರೆ ಸೇರಿಸಿದ ಪುಟಗಳ ಇಂಪ್ರೆಷನ್ ಮಾತ್ರ ವಾರ ವಾರ ಏರುತ್ತಿತ್ತು. ಅದೊಂದನ್ನೇ ನಂಬಿ ಕೂತೆ. ನಾಲ್ಕನೇ ತಿಂಗಳಿಗೆ 300, ಎಂಟಕ್ಕೆ 800.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಹತ್ತು ಪುಟದಲ್ಲಿ ದಿನಾಂಕ ಮಾತ್ರ ಬದಲಾಯಿಸಿ ನೋಡಿದೆ, ಏನೂ ಆಗಲಿಲ್ಲ. ಬಾಬಿನ್ ಹಾಕುವುದನ್ನು ತೋರಿಸುವ ನನ್ನ ಒಂದು ರೀಲ್ (ಚಿಕ್ಕ ವಿಡಿಯೊ) ಎರಡು ಲಕ್ಷ ಸಲ ಓಡಿತು. ಅದರಿಂದ ಸೈಟಿಗೆ ಬಂದವರು 60 ಜನ ಇರಬಹುದು. ರೀಲ್ ನೋಡುವವರು ಅಲ್ಲಿಂದ ಏಳುವುದಿಲ್ಲ. ಆದರೆ ಅದರ ಕಾಮೆಂಟ್‌ಗಳಲ್ಲಿ ಜನ ಪ್ರಶ್ನೆ ಕೇಳುತ್ತಾರಲ್ಲ, ಅವರದ್ದೇ ಮಾತಿನಲ್ಲಿ, ಅದು ಜನ ಹುಡುಕುವ ಪದ ತೋರಿಸುವ ಯಾವ ಕೀವರ್ಡ್ ಟೂಲ್‌ನಲ್ಲೂ ಸಿಗುವುದಿಲ್ಲ. ನನ್ನ ಒಳ್ಳೆಯ ಹತ್ತು ಪುಟಗಳ ಹೆಸರು ಅಲ್ಲಿಂದಲೇ ಬಂದವು. ಟೂಲ್‌ನ ಚಂದಾ ನಿಲ್ಲಿಸಿದೆ, ಪ್ರತಿ ತಿಂಗಳೂ ಹೋಸ್ಟಿಂಗ್‌ನ ಮೂರು ಪಟ್ಟು ಉಳಿಯಿತು. ಫೋಟೊ ಹಂಚುವ ಪಿಂಟರೆಸ್ಟ್‌ನಲ್ಲಿ ಹೊಲಿಗೆಯನ್ನು ಹತ್ತಿರದಿಂದ ತೆಗೆದ ಫೋಟೊಗಳು ಈಗಲೂ ದಿನಕ್ಕೆ ಹದಿನೈದು ಇಪ್ಪತ್ತು ಜನರನ್ನು ಕಳಿಸುತ್ತವೆ.

ಸರ್ಚ್ ಪುಟದ ಮೇಲೇ ಎಐ ಉತ್ತರ ಬರಲು ಶುರುವಾದ ಮೇಲೆ 'ಅಂದರೇನು' ಥರದ ಪುಟಗಳ ಕ್ಲಿಕ್ ಅರ್ಧಕ್ಕೆ ಇಳಿಯಿತು. ಫೋಟೊ ನೋಡದೆ ಮಾಡಲಾಗದ ರಿಪೇರಿ ಪುಟಗಳಿಗೆ ಅಷ್ಟು ಪೆಟ್ಟು ಬಿದ್ದಿಲ್ಲ. ಹಾಗಾಗಿ ಹೊಸದಾಗಿ ಬರೆಯುವುದೆಲ್ಲ ಅಂಥದ್ದೇ.

ಸೈಟಿನ ಆದಾಯದಲ್ಲಿ ಈಗ ಹೋಸ್ಟಿಂಗ್, ಡೊಮೇನ್ ಎರಡೂ ನಡೆದು, ಮೇಲೆ ಎರಡು ಪಟ್ಟು ಉಳಿಯುತ್ತದೆ. ಆ ಲಿಂಕ್‌ಗಳಿಗೆ ಸುರಿದ ದುಡ್ಡು ಹೋದ ತಿಂಗಳು ಪೂರ್ತಿ ವಾಪಸ್ ಬಂತು. ಆ ಅರವತ್ತರಲ್ಲಿ ಇನ್ನೂ 14 ಪುಟ ತಿದ್ದುವುದು ಬಾಕಿ ಇದೆ. ಮುಂದಿನದು ಸೂಜಿ ಮುರಿಯುವ ಬಗ್ಗೆ, ಅದಕ್ಕಾಗಿ ಮುರಿದ ಸೂಜಿಗಳನ್ನು ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದೇನೆ.